ಟೀ ಜರಡಿಯಲ್ಲಿ ಜಂತುಹುಳು ಹಿಡಿದದ್ದು

ಸಕಲೇಶಪುರದ ಹತ್ತಿರ ನಮ್ಮದು ಸಣ್ಣ ತೋಟ. ಸಿಲ್ವರ್ ಓಕ್‌ಗೆ ಹಬ್ಬಿಸಿದ ಮೆಣಸಿನ ಬಳ್ಳಿಗಳು ಒಂದೊಂದಾಗಿ ಹಳದಿಯಾಗುತ್ತಿದ್ದವು. ಬೇರು ಕಿತ್ತರೆ ಸಣ್ಣ ಸಣ್ಣ ಗಂಟು. 'ನೆಮಟೋಡ್ ಇರಬೇಕು', ಅಂದರೆ ಮಣ್ಣಿನ ಸಣ್ಣ ಜಂತುಹುಳು, ಅಂತ ಎಲ್ಲರೂ ಅಂದರು. ಕಣ್ಣಲ್ಲಿ ಕಂಡವರು ಒಬ್ಬರೂ ಇಲ್ಲ!

ಹಾಸನದಲ್ಲಿ ಬಿಎಸ್ಸಿ ಓದುವ ಮಗಳು ರಜೆಗೆ ಬಂದವಳು, "ಅಪ್ಪಾ, ನಾವೇ ಹಿಡಿಯೋಣ" ಅಂದಳು. ಬೇರ್ಮನ್ ಎಂಬುವರು ಮಣ್ಣಿನಿಂದ ಕೊಕ್ಕೆಹುಳುವಿನ ಮರಿ ತೆಗೆಯಲು 1917ರಲ್ಲಿ ಹೇಳಿದ ಉಪಾಯವಂತೆ. ಸೀಮೆಎಣ್ಣೆ ಲಾಳಿಕೆ ಬೇಡ ಅಂದಳು, ಹೊಸದು ತಂದೆ. ಅದರ ಬಾಯಿಗೆ ಟೀ ಜರಡಿ, ಅದರೊಳಗೆ ಟಿಶ್ಯೂ ಪೇಪರು, ಮೇಲೆ ಬೇರಿನ ಚೂರು, ಮಣ್ಣು. ಕೆಳಗೆ ರಬ್ಬರ್ ಟ್ಯೂಬು, ಕ್ಲಿಪ್ಪು. ಮೊದಲ ಸಲ ನೀರನ್ನು ಮಣ್ಣಿನ ಮೇಲೇ ಸುರಿದೆ. ಪೇಪರ್ ಹರಿದು ಬರೀ ಕೆಸರು ಸಿಕ್ಕಿತು. ಎರಡನೇ ಸಲ ಅಂಚಿನಿಂದ, ಮಣ್ಣು ನೆನೆಯುವಷ್ಟೇ ಹೊಯ್ದೆವು.

ಮರುದಿನ ಕ್ಲಿಪ್ ಸಡಿಲಿಸಿ ಒಂದು ಚಮಚ ನೀರು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟೆವು. ಅಬ್ಬಾ, ಎಷ್ಟು ಒದ್ದಾಟ! ಅರ್ಧ ಮಿಲಿಮೀಟರೂ ಇಲ್ಲದ ದಾರಗಳು, ಎಡಕ್ಕೆ ಬಲಕ್ಕೆ ಬಾಗುವುದೊಂದೇ ಗೊತ್ತು. ಎರೆಹುಳುವಿಗೆ ಉದ್ದಕ್ಕೂ ಸುತ್ತಲೂ ಸ್ನಾಯು ಇರುವುದರಿಂದ ಹಿಗ್ಗಿ ಕುಗ್ಗಿ ಹರಿಯುತ್ತದೆ. ಇವಕ್ಕೆ ಉದ್ದ ಸ್ನಾಯು ಮಾತ್ರ. ಗಟ್ಟಿ ಹೊರಪೊರೆಯೊಳಗೆ ದ್ರವ ಬಿಗಿಯಾಗಿ ತುಂಬಿರುತ್ತದೆ, ಗಾಳಿ ತುಂಬಿದ ಸೈಕಲ್ ಟ್ಯೂಬಿನ ಹಾಗೆ. ಒಂದು ಬದಿ ಎಳೆದರೆ ಬಾಗುತ್ತವೆ, ಬಿಟ್ಟರೆ ನೆಟ್ಟಗಾಗುತ್ತವೆ. ಮಣ್ಣಿನ ಕಣ ಒತ್ತಿಕೊಂಡು ಮುಂದೆ ಹೋಗಲು ಇದು ಸಾಕು. ಬರೀ ನೀರಲ್ಲಿ ಒತ್ತಲು ಏನೂ ಇಲ್ಲ, ಹಾಗಾಗಿ ತಳಕ್ಕೆ ಇಳಿಯುತ್ತವೆ. ಲಾಳಿಕೆಯ ಗುಟ್ಟು ಇದೇ. ಇನ್ನು ಹೃದಯ, ಶ್ವಾಸಕೋಶ ಏನೂ ಇಲ್ಲ. ಬಾಯಿಂದ ಹಿಂದಿನವರೆಗೆ ಒಂದು ಕೊಳವೆ, ಅಷ್ಟೇ.

ಎಲ್ಲವೂ ಶತ್ರುಗಳು ಅಂದುಕೊಂಡಿದ್ದೆ. ಮಗಳು ದೊಡ್ಡ ಲೆನ್ಸ್ ಹಾಕಿ ಬಾಯಿ ತೋರಿಸಿದಳು. ಬೇರು ಚುಚ್ಚುವವಕ್ಕೆ ಬಾಯೊಳಗೆ ಸೂಜಿ ಇರುತ್ತದೆ. ನಮ್ಮ ನೀರಲ್ಲಿ ಸೂಜಿ ಇಲ್ಲದವೇ ಜಾಸ್ತಿ. ಅವು ಬ್ಯಾಕ್ಟೀರಿಯಾ ತಿಂದು ಸಾರಜನಕ ಬಿಟ್ಟುಕೊಡುವ ಪಾಪದವು. ಸುಮ್ನೆ ಔಷಧ ಸುರಿದಿದ್ದರೆ ಮೊದಲು ಸಾಯುತ್ತಿದ್ದದ್ದು ಇವೇ ಅಲ್ವಾ?

ಹಾಗಾದರೆ ಗಂಟು ಮಾಡಿದ್ದು ಯಾರು? ಹೆಣ್ಣು ಹುಳು. ಅವಳು ಲಾಳಿಕೆಗೆ ಇಳಿಯುವುದೇ ಇಲ್ಲ. ಗಂಟನ್ನು ಸೂಜಿಯಿಂದ ಬಿಡಿಸಿದಾಗ ಸಿಕ್ಕಳು. ಹುಳುವಿನ ರೂಪವೇ ಇಲ್ಲ, ಸಣ್ಣ ಕತ್ತಿನ ಬಿಳಿ ತಂಬಿಗೆ. ತಿನ್ನಲು ಕೂತ ಮೇಲೆ ಜಾಗ ಬಿಡುವವಳಲ್ಲ. ಹಿಂದೆ ಅಂಟು ಚೀಲದಲ್ಲಿ ನೂರಾರು ಮೊಟ್ಟೆ. ಆ ಬಳ್ಳಿಯನ್ನು ಬೇರು ಸಮೇತ ಕಿತ್ತು ಸುಟ್ಟೆವು. ಪಕ್ಕದ ಮೂರು ಬಳ್ಳಿಗಳ ಬೇರು ಈಗ ಜರಡಿಯಲ್ಲಿದೆ. ಟೀ ಸೋಸಲು ಮನೆಯವಳು ಬೇರೆ ಜರಡಿ ತಂದುಕೊಂಡಿದ್ದಾಳೆ.