ನೀಲಿ ಟೀ ಶರ್ಟ್ ಹಾಕ್ಕೊಂಡು ಸೆಲೂಸ್ ಕಾಡಿಗೆ ಹೋಗಿದ್ದೆ

ಹ್ಯೂಸ್ಟನ್ನಲ್ಲಿರೋ ನನ್ ಹೆಂಡತಿ ತಮ್ಮ ಮೊನ್ನೆ ರಾತ್ರಿ ಫೋನ್ ಮಾಡಿ, "ಭಾವ, ಆಗಸ್ಟಲ್ಲಿ ನಮ್ ಬಾಸ್ ಜೊತೆ ನಿಮ್ ಟಾಂಜಾನಿಯಾಕ್ಕೆ ಬರ್ತಿದೀನಿ, ಅವ್ರು ಬಫೆಲೊ ಬೇಟೆಗೆ, ನಾನು ಬರೀ ನೋಡೋಕೆ, ಬಟ್ಟೆ ಏನೇನ್ ತರ್ಲಿ" ಅಂದ. ನೋಡೋಕೆ ಬರೋರೂ ಇಲ್ಲಿ ದಿನಕ್ಕಿಷ್ಟು ಅಂತ ದುಡ್ಡು ಕಟ್ಬೇಕು ಮಾರಾಯ ಅಂದೆ, ಅದೆಲ್ಲ ಬಾಸ್ ನೋಡ್ಕೋತಾರಂತೆ. ಆಮೇಲೆ ಅವನು ಎಲ್ಲಿಂದ್ಲೋ ಇಳಿಸ್ಕೊಂಡಿದ್ದ ಪಟ್ಟಿ ಕಳಿಸ್ದ, ಅದ್ರಲ್ಲಿ ನಲವತ್ತಕ್ಕೂ ಹೆಚ್ಚು ಐಟಂ, ಊಟಕ್ಕೆ ಕೂರೋವಾಗ ಹಾಕೋ ಬ್ಲೇಜರ್ ಕೂಡ ಇತ್ತು. ಅವನಿಗೆ ವಾಯ್ಸ್ ಮೆಸೇಜಲ್ಲಿ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ, ಬೇರೆ ಯಾರಾದ್ರೂ ಈ ಕಡೆ ಬರೋರಿದ್ರೆ ಉಪಯೋಗಕ್ಕೆ ಬರ್ಲಿ.

ಮೊದ್ಲೇ ಹೇಳ್ಬಿಡ್ತೀನಿ, ನಾನು ಬೇಟೆ ಆಡೋನಲ್ಲ. ದಾರ್ ಎಸ್ ಸಲಾಮಲ್ಲಿ ಸೋಲಾರ್, ಇನ್ವರ್ಟರ್ ಕೆಲಸ ನಂದು. ಇಲ್ಲಿ ಬೇಟೆ ಸೀಸನ್ ಶುರುವಾಗೋದು ಜುಲೈ 1ಕ್ಕೆ, ಅದಕ್ಕೆ ಮುಂಚೆ ಜೂನಲ್ಲಿ ಕ್ಯಾಂಪುಗಳನ್ನ ರೆಡಿ ಮಾಡ್ತಾರೆ, ಆಗ ನಮ್ಮನ್ನ ಕರೀತಾರೆ. ಕೆಲಸ ಮುಗಿದ್ಮೇಲೂ ಏನಾದ್ರೂ ಕೈಕೊಟ್ರೆ ಅಂತ ಒಂದೆರಡು ವಾರ ಅಲ್ಲೇ ಇಟ್ಕೋತಾರೆ, ಸುಮ್ನೆ ಕೂತು ಏನ್ಮಾಡೋದು ಅಂತ ಗಾಡಿ ಹಿಂದೆ ಹತ್ಕೊಂಡು ಪ್ರಾಣಿ ಹೆಜ್ಜೆ ಹುಡುಕೋ ಟ್ರ್ಯಾಕರ್‌ಗಳ ಜೊತೆ ಸುತ್ತಿದೀನಿ. ನಾಲ್ಕು ಸೀಸನ್ ಆಯ್ತು. ಗುರಿ, ಗುಂಡು ಇದ್ಯಾವ್ದೂ ನಂಗೊತ್ತಿಲ್ಲ, ಆದ್ರೆ ಇಲ್ಲಿನ ಕಾಡಿನ ರಕ್ತ ಹೀರೋ ನೊಣ ಎಲ್ಲೆಲ್ಲಿ ಕಚ್ಚುತ್ತೆ ಅಂತ ಮೈಮೇಲೆ ಮ್ಯಾಪ್ ಬರೆದು ತೋರಿಸ್ತೀನಿ ಬೇಕಾದ್ರೆ.

ಮೊದಲನೇ ಸಲ ಸೆಲೂಸ್‌ಗೆ, ಅಂದ್ರೆ ಟಾಂಜಾನಿಯಾದ ದಕ್ಷಿಣಕ್ಕಿರೋ ದೊಡ್ಡ ಬೇಟೆ ಕಾಡಿಗೆ, ಹೋದಾಗ ಯಾರನ್ನೂ ಕೇಳ್ಲಿಲ್ಲ. ನಾನು ಸಾಗರದ ಕಡೆಯೋನು, ಮಲೆನಾಡಲ್ಲಿ ಬೆಳೆದೋನಿಗೆ ಕಾಡು ಹೊಸದಾ ಅನ್ನೋ ಧಿಮಾಕು. ಎರಡು ಜೀನ್ಸ್, ಕಂಪ್ನಿಯೋರು ಕೊಟ್ಟಿದ್ದ ಕಡುನೀಲಿ ಕಾಲರ್ ಟೀ ಶರ್ಟ್ ನಾಲ್ಕು, ಒಂದು ಕಪ್ಪು ಜಾಕೆಟ್ಟು, ಇಷ್ಟೇ. ದಾರ್ ಎಸ್ ಸಲಾಮಿಂದ ರುಫಿಜಿ ಹೊಳೆ ಸೇತುವೆ ದಾಟಿ ನಂಗುರುಕುರು ತನಕ ಟಾರ್ ರೋಡು, ಅಲ್ಲಿಂದ ಲಿವಾಲೆ ಕಡೆಗೆ ತಿರುಗಿದ್ರೆ ಮಣ್ಣು ರಸ್ತೆ. ಕಾಡಿನೊಳಗೆ ಒಂದು ಕಡೆ ರಸ್ತೆ ಪಕ್ಕದಲ್ಲೇ ಮರದ ಕೊಂಬೆಗೆ ನೀಲಿ ಬಟ್ಟೆ ಒಂದು ಕಪ್ಪು ಬಟ್ಟೆ ಒಂದು ಸೇರಿಸಿ ಹೊಲಿದು ನೇತಾಕಿದ್ರು, ಸ್ವಲ್ಪ ದೂರ ಹೋದ್ರೆ ಇನ್ನೊಂದು. ಈ ಕಾಡಲ್ಲಿ ಯಾರ್ರೀ ಬಟ್ಟೆ ಒಣಗಾಕೋರು ಅಂತ ಡ್ರೈವರ್ನ ಕೇಳ್ದೆ. ಅವನು ನನ್ ಟೀ ಶರ್ಟ್ ನೋಡ್ದ, ಬಟ್ಟೆ ನೋಡ್ದ, ಜೋರಾಗಿ ನಗೋಕೆ ಶುರು ಮಾಡ್ದ. "ಮ್ಬುಂಗೊ" ಅಂದ. ಮ್ಬುಂಗೊ ಅಂದ್ರೆ ಇಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಟ್ಸೆಟ್ಸೆ ನೊಣ. ಆ ನೀಲಿ-ಕಪ್ಪು ಬಟ್ಟೆ ಅದನ್ನ ಆಕರ್ಷಿಸಿ ಸಾಯಿಸೋಕೆ ಕಟ್ಟಿರೋದು, ಬಟ್ಟೆಗೆ ಕೀಟನಾಶಕ ಹಾಕಿರ್ತಾರೆ. ಅಂದ್ರೆ ಜಗತ್ತಲ್ಲಿ ಈ ನೊಣಕ್ಕೆ ಅತಿ ಇಷ್ಟವಾದ ಎರಡು ಬಣ್ಣ ಯಾವ್ದು ಅಂತ ವಿಜ್ಞಾನಿಗಳು ವರ್ಷಗಟ್ಲೆ ಕೂತು ಕಂಡುಹಿಡಿದ್ರೋ, ಅವೆರಡನ್ನೇ ನಾನು ಬ್ಯಾಗ್ ತುಂಬಾ ತುಂಬ್ಕೊಂಡು ಹೊರಟಿದ್ದೆ. ನನ್ ಬಟ್ಟೆಗೆ ಔಷಧಿ ಬೇರೆ ಹಾಕಿರ್ಲಿಲ್ಲ.

ಅವತ್ತು ಮಧ್ಯಾಹ್ನ ಬೆನ್ನು, ಭುಜ ಸೇರಿ ಹದಿನೇಳು ಕಡೆ ಕಚ್ಚಿತ್ತು, ಅಡುಗೆಯೋನು ಎಣಿಸಿ ಹೇಳ್ದ.

ನಮ್ ಮನೆ ನೊಣಕ್ಕಿಂತ ಸ್ವಲ್ಪ ದೊಡ್ಡದು, ಕಂದು ಬಣ್ಣ, ಕೂತಾಗ ರೆಕ್ಕೆ ಎರಡೂ ಒಂದ್ರ ಮೇಲೊಂದು ಕತ್ತರಿ ಮುಚ್ಚಿದ ಹಾಗೆ ಮಡಚ್ಕೊಳುತ್ತೆ, ಗುರುತು ಸುಲಭ. ಕಚ್ಚೋದು ಹಗಲಲ್ಲಿ. ಸೊಳ್ಳೆ ತರ ಗುಂಯ್ ಅಂತ ಮುನ್ಸೂಚನೆ ಕೊಡಲ್ಲ, ಕೂತಿದ್ದೂ ಗೊತ್ತಾಗಲ್ಲ, ಸೂಜಿ ಚುಚ್ಚಿದಾಗ್ಲೇ ಎಚ್ಚರ. ಪಟ್ ಅಂತ ಹೊಡೆದ್ರೆ ಸಾಯಲ್ಲ, ಚಪ್ಪಟೆ ಮೈ, ಎದ್ದು ಹಾರಿ ಇನ್ನೊಂದು ಭುಜದ ಮೇಲೆ ಕೂರುತ್ತೆ, ಕೈಯಿಂದ ಒತ್ತಿ ಹಿಡಿದು ಉಜ್ಜಬೇಕು. ಓಡೋ ವಸ್ತು ಕಂಡ್ರೆ ಅದಕ್ಕೆ ಪ್ರೀತಿ ಜಾಸ್ತಿ, ಅದಕ್ಕೇ ಓಪನ್ ಗಾಡಿ ಹಿಂದೆನೇ ಹಿಂಡಾಗಿ ಬರುತ್ತೆ, ಗಾಡಿ ನಿಲ್ಲಿಸಿದ್ರೆ ನಮ್ ಮೇಲೆ ಇಳಿಯುತ್ತೆ. ನಿದ್ರೆ ಕಾಯಿಲೆ (ಸ್ಲೀಪಿಂಗ್ ಸಿಕ್‌ನೆಸ್) ಅನ್ನೋ ಮಾರಕ ರೋಗ ಇದ್ರಿಂದ ಬರೋದು ನಿಜ, ಆದ್ರೆ ಕಚ್ಚಿದ ಪ್ರತಿ ನೊಣದಲ್ಲೂ ಆ ರೋಗಾಣು ಇರಲ್ಲ, ಕಚ್ಚಿಸ್ಕೊಂಡ ಬಹುತೇಕರಿಗೆ ಉಳಿಯೋದು ಬಾವು ಮತ್ತೆ ತುರಿಕೆ ಅಷ್ಟೇ. ಆದ್ರೂ ಭಾವಮೈದುನಂಗೆ ಒಂದು ಮಾತು ಎರಡು ಸಲ ಹೇಳಿದೀನಿ, ವಾಪಸ್ ಹೋದ್ಮೇಲೆ ಮೂರು ವಾರದೊಳಗೆ ಜ್ವರ ಬಂದ್ರೆ, ಕಚ್ಚಿದ ಜಾಗ ದಪ್ಪಗೆ ಗಡ್ಡೆ ಕಟ್ಟಿ ಹುಣ್ಣಾದ್ರೆ, ಅಲ್ಲಿನ ಡಾಕ್ಟರಿಗೆ ಟಾಂಜಾನಿಯಾ, ಟ್ಸೆಟ್ಸೆ ಅಂತ ನೀನೇ ಬಾಯ್ಬಿಟ್ಟು ಹೇಳ್ಬೇಕು, ಅವ್ರಿಗೆ ತಾನಾಗೇ ಹೊಳೆಯಲ್ಲ. ಮಲೇರಿಯಾ ಟೆಸ್ಟೂ ಅವತ್ತೇ ಮಾಡಿಸ್ಬೇಕು, ನಾಳೆ ನೋಡೋಣ ಅನ್ನಬಾರದು.

ಈಗ ಬಟ್ಟೆ ವಿಷಯ. ಎರಡನೇ ವರ್ಷ ಹೋಗೋಕೆ ಮುಂಚೆ ದಾರ್ ಎಸ್ ಸಲಾಮಿನ ಇಲಾಲದ ಕರುಮೆ ಮಾರ್ಕೆಟ್ಟಿಗೆ ಹೋದೆ. ಅಲ್ಲಿ ಮಿತುಂಬಾ ಅಂತ, ಯುರೋಪು ಅಮೆರಿಕದಿಂದ ಮೂಟೆ ಮೂಟೆ ಬರೋ ಸೆಕೆಂಡ್ ಹ್ಯಾಂಡ್ ಬಟ್ಟೆ ಮಾರ್ತಾರೆ. ಸಫಾರಿ ಅಂಗಡಿಗಳಲ್ಲಿ ಸಿಗೋ ತೆಳ್ಳಗಿನ ನೈಲಾನ್ ಶರ್ಟು, ಬೇಗ ಒಣಗುತ್ತೆ ಅಂತ ಮಾರೋದು, ಅದನ್ನ ಕೈಯಲ್ಲೂ ಮುಟ್ಟಬೇಡಿ. ನೊಣದ ಸೂಜಿ ಸಲೀಸಾಗಿ ದಾಟುತ್ತೆ, ಮುಳ್ಳುಪೊದೆಗೆ ಸೋಕಿದ್ರೆ ಪರ್ ಅಂತ ಸದ್ದು ಬರುತ್ತೆ, ಬಫೆಲೊ ಹೆಜ್ಜೆ ಹಿಡಿದು ನಡೆಯೋವಾಗ ಆ ಸದ್ದಿಗೆ ಟ್ರ್ಯಾಕರ್ ತಿರುಗಿ ನೋಡೋ ನೋಟ ಇದೆಯಲ್ಲ, ಅದಕ್ಕಿಂತ ನೊಣನೇ ವಾಸಿ. ನಾನು ಹುಡುಕಿದ್ದು ಕಾಟನ್ ಡ್ರಿಲ್, ನಮ್ ಹೈಸ್ಕೂಲ್ ಎನ್‌ಸಿಸಿ ಯೂನಿಫಾರ್ಮ್ ನೆನಪಿದ್ಯಲ್ಲ ಆ ತರದ್ದು. ನನ್ ಪರೀಕ್ಷೆ ಸುಲಭ: ಬಟ್ಟೆನ ಒಂದೇ ಪದರ ಮಾಡಿ ಬಿಸಿಲಿಗೆ ಹಿಡೀತೀನಿ, ಬೆರಳ ನೆರಳು ಆಚೆ ಕಡೆಯಿಂದ ಸ್ಪಷ್ಟವಾಗಿ ಕಂಡ್ರೆ ಬೇಡ. ಬಣ್ಣ ಖಾಕಿ, ಇಲ್ಲಾ ಮಾಸಲು ಹಸಿರು, ಇಲ್ಲಾ ಒಣ ಹುಲ್ಲಿನ ಬಣ್ಣ. ನೀಲಿ ಕಪ್ಪು ಎರಡೂ ಬೇಡ, ಬಿಳಿಯೂ ಬೇಡ, ಬಿಳಿ ದೂರದಿಂದ ಪ್ರಾಣಿಗೆ ಕಾಣುತ್ತೆ, ಅದೂ ಅಲ್ದೆ ಆಗಸ್ಟಿಗೆ ಹುಲ್ಲು ಸುಟ್ಟಿರ್ತಾರೆ, ಒಂದು ಗಂಟೆ ನಡೆದ್ರೆ ಬಟ್ಟೆ ಮೇಲೆಲ್ಲ ಮಸಿ ಗೀಟು.

ಇನ್ನೊಂದು, ಸೈಜು ಒಂದು ನಂಬರ್ ದೊಡ್ಡದೇ ತಗೋಬೇಕು. ಇದನ್ನ ನಾನು ಕಚ್ಚಿಸ್ಕೊಂಡೇ ಕಲ್ತಿದ್ದು. ಗಾಡಿ ಕಂಬಿ ಹಿಡ್ಕೊಂಡು ಕೂತಾಗ ಭುಜದ ಹಿಂದೆ, ಮಂಡಿ ಮೇಲೆ, ತೊಡೆ ಪಕ್ಕ ಬಟ್ಟೆ ಬಿಗಿಯಾಗಿ ಚರ್ಮಕ್ಕೆ ಅಂಟಿರುತ್ತೆ, ಕರೆಕ್ಟಾಗಿ ಅಲ್ಲೇ ಕಚ್ಚೋದು. ಸಡಿಲ ಇದ್ರೆ ಸೂಜಿ ಬಟ್ಟೆ ದಾಟಿದ್ರೂ ಮೈ ಸಿಗಲ್ಲ. ಒಟ್ಟು ಮೂರು ಜೊತೆ ಸಾಕು, ಕ್ಯಾಂಪಲ್ಲಿ ದಿನಾ ಒಗೆದು ಕೊಡ್ತಾರೆ. ಬೆಳಿಗ್ಗೆ ಐದಕ್ಕೆ ಓಪನ್ ಗಾಡಿಯಲ್ಲಿ ಗಾಳಿ ಹೊಡೆಯುತ್ತೆ, ಒಂದು ಫ್ಲೀಸ್ ಜಾಕೆಟ್ ಬೇಕು, ಒಂಬತ್ತಕ್ಕೆ ಬಿಚ್ಚಿ ಸೀಟ್ ಕೆಳಗೆ ಹಾಕೋದೇ. ಅಗಲ ಅಂಚಿನ ಹ್ಯಾಟು, ಕುತ್ತಿಗೆಗೆ ಒಂದು ಟವೆಲ್ಲು. ಬ್ಲೇಜರ್ ಬೇಡ. ಮಿಲಿಟರಿ ತರ ಚುಕ್ಕೆ ಮಚ್ಚೆ ಇರೋ ಕ್ಯಾಮೊಫ್ಲಾಜ್ ಬಟ್ಟೆ ಮಾತ್ರ ಬ್ಯಾಗಲ್ಲೂ ಇರಬಾರದು, ಟೆಕ್ಸಾಸಲ್ಲಿ ಬೇಟೆ ಅಂದ್ರೆ ಅದನ್ನೇ ಹಾಕ್ತಾರಂತೆ, ಇಲ್ಲಿ ಅದು ಸೈನ್ಯದೋರ ಬಟ್ಟೆ, ಸಾಮಾನ್ಯ ಜನ ಹಾಕೋ ಹಾಗಿಲ್ಲ, ಪಕ್ಕದ ಜಾಂಬಿಯಾ, ಜಿಂಬಾಬ್ವೆಯಲ್ಲೂ ಅದೇ ಕತೆ.

ಸ್ಪ್ರೇ ಬಗ್ಗೆ ಜನಕ್ಕೆ ಬಹಳ ನಂಬಿಕೆ. ಟ್ಸೆಟ್ಸೆಗೆ ಡೀಟ್ (ಕೀಟ ಓಡಿಸೋಕೆ ಮೈಗೆ ಹಚ್ಚೋ ಔಷಧಿ) ಹಚ್ಚಿದ್ರೆ ಅಷ್ಟಕ್ಕಷ್ಟೇ, ಅದನ್ನ ನಂಬ್ಕೊಂಡು ಅರ್ಧ ತೋಳಿನ ಶರ್ಟ್ ಹಾಕಬೇಡಿ. ಡೀಟ್ ಬೇಕಾಗೋದು ಸಂಜೆ ಸೊಳ್ಳೆಗೆ, ಶೇಕಡ 20-30ರದ್ದು ಸಾಕು, ಹಗಲಲ್ಲಿ ಹಚ್ಚೋದಾದ್ರೆ ಸನ್‌ಸ್ಕ್ರೀನ್ ಮೊದ್ಲು, ಅದ್ರ ಮೇಲೆ ಇದು. ಹಚ್ಚಿದ ಕೈಯನ್ನ ಒರೆಸ್ಕೊಳ್ಳಿ ದಯವಿಟ್ಟು. ನಾನು ಹಾಗೇ ಹೋಗಿ ಮಲ್ಟಿಮೀಟರ್ ಹಿಡ್ದೆ, ಹತ್ತು ನಿಮಿಷ ಬಿಟ್ಟು ನೋಡಿದ್ರೆ ಹಳದಿ ಪ್ಲಾಸ್ಟಿಕ್ ಮೇಲೆ ನನ್ ಹೆಬ್ಬೆರಳ ಗುರುತು ಅಚ್ಚೊತ್ತಿತ್ತು, ಡೀಟ್ ಪ್ಲಾಸ್ಟಿಕ್ ಕರಗಿಸುತ್ತೆ ಅಂತ ಅವತ್ತೇ ಗೊತ್ತಾಗಿದ್ದು. ಆ ಮೀಟರ್ ಇನ್ನೂ ನನ್ ಹತ್ರ ಇದೆ. ಕನ್ನಡಕ, ವಾಚು, ಬೈನಾಕ್ಯುಲರ್ ಇರೋರು ಹುಷಾರು.

ಬಟ್ಟೆಗೆ ಹೊಡೆಯೋದು ಪರ್ಮೆಥ್ರಿನ್ ಅನ್ನೋ ಕೀಟನಾಶಕ, ಶೇಕಡ 0.5ರದ್ದು. ಇದು ಮೈಗಲ್ಲ, ಬಟ್ಟೆಗೆ. ನಮ್ಮೂರ ಮೆಡಿಕಲ್ ಶಾಪಲ್ಲಿ ಪರ್ಮೆಥ್ರಿನ್ ಅಂತ ಕೇಳಿದ್ರೆ ಕಜ್ಜಿಗೆ ಹಚ್ಚೋ ಕ್ರೀಮ್ ಕೊಡ್ತಾರೆ, ಅದು ಬೇರೆ. ನನ್ ಕೈಗೆ ಮೊದಲ ಬಾಟ್ಲಿ ಬಂದಿದ್ದು ಅಮೆರಿಕದ ಅತಿಥಿಯೊಬ್ರು ಬಿಟ್ಟು ಹೋಗಿದ್ದು. ಮನೆ ಟೆರೇಸಲ್ಲಿ ಹಗ್ಗಕ್ಕೆ ಪ್ಯಾಂಟು, ಶರ್ಟು, ಸಾಕ್ಸು, ಹ್ಯಾಟು ಎಲ್ಲ ನೇತಾಕಿ, ಗಾಳಿಗೆ ಬೆನ್ನು ಮಾಡಿ ನಿಂತು, ಒಳಗೂ ಹೊರಗೂ ತೇವ ಕಾಣೋ ತನಕ ಹೊಡೆದು, ಪೂರ್ತಿ ಒಣಗೋ ತನಕ ಮುಟ್ಟಲಿಲ್ಲ. ಕಾಲರ್ ಒಳಗೆ, ಪ್ಯಾಂಟಿನ ಕೆಳಗಿನ ಪಟ್ಟಿಗೆ, ಸಾಕ್ಸಿನ ಮೇಲ್ಭಾಗಕ್ಕೆ ಎರಡು ಸಲ. ಒಂದ್ಸಲ ಹೊಡೆದ್ರೆ ಆರು ಒಗೆತ ಬರುತ್ತೆ ಅಂತ ಬಾಟ್ಲಿ ಮೇಲಿರುತ್ತೆ, ಕ್ಯಾಂಪಲ್ಲಿ ಕಲ್ಲಿನ ಮೇಲೆ ಒಗೆಯೋ ಒಗೆತ ಆರಕ್ಕೆ ಸಮ ಅಂತ ನಾನು ಎರಡು ವಾರಕ್ಕೇ ಮತ್ತೆ ಹೊಡೀತೀನಿ. ಒದ್ದೆ ಇದ್ದಾಗ ಬೆಕ್ಕು ಹತ್ರ ಬರಬಾರದು, ಬೆಕ್ಕಿಗೆ ವಿಷ ಅದು, ಮೀನಿಗೂ ಅಷ್ಟೇ, ಆ ಬಟ್ಟೆನ ಹೊಳೆಯಲ್ಲಿ ತೊಳೀಬೇಡಿ.

ಟ್ಸೆಟ್ಸೆಗೆ ಇದೂ ಗ್ಯಾರಂಟಿ ಇಲ್ಲ, ಆದ್ರೆ ಉಣುಗಿಗೆ ಭರ್ಜರಿ ಕೆಲಸ ಮಾಡುತ್ತೆ. ಉಣುಗಿನ ವಿಷಯದಲ್ಲಿ ನಾನು ತಮಾಷೆ ಮಾಡಲ್ಲ, ನಮ್ ಪಕ್ಕದ ಸೊರಬದ ಕ್ಯಾಸನೂರಲ್ಲೇ 1957ರಲ್ಲಿ ಮಂಗನ ಕಾಯಿಲೆ ಮೊದ್ಲು ಕಾಣಿಸಿದ್ದು, ಉಣುಗಿಂದ ಹರಡೋದು, ಕಾಡಿಗೆ ದರಗು ತರೋಕೆ ಹೋಗೋವಾಗ ಆರೋಗ್ಯ ಇಲಾಖೆಯೋರು ಕೊಟ್ಟ ಎಣ್ಣೆ ಹಚ್ಕೊಂಡು ಹೋಗು ಅಂತ ಅಜ್ಜಿ ಬಾಗಿಲಲ್ಲೇ ನಿಂತಿರ್ತಿದ್ರು. ಇಲ್ಲಿನ ಉಣುಗಿನ ಜ್ವರ ಬೇರೆ, ಕಚ್ಚಿದ ಕಡೆ ಕಪ್ಪು ಹೆಕ್ಕಳೆ ಕಟ್ಟುತ್ತೆ, ಡಾಕ್ಸಿಸೈಕ್ಲಿನ್‌ಗೆ ವಾಸಿ ಆಗುತ್ತೆ. ಸಣ್ಣವು ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕಾಲ್ತುಂಬಾ ಹತ್ತುತ್ವೆ. ಪ್ಯಾಂಟನ್ನ ಸಾಕ್ಸ್ ಒಳಗೆ ತುರುಕಿ ಮೇಲೆ ಗೇಟರ್ (ಮೊಣಕಾಲ ಕೆಳಗೆ ಸುತ್ತೋ ದಪ್ಪ ಬಟ್ಟೆ ಪಟ್ಟಿ) ಕಟ್ಟಬೇಕು, ನಾವು ಇಂಬಳಕ್ಕೆ ಕಟ್ತೀವಲ್ಲ ಹಾಗೆ. ಸಂಜೆ ಸ್ನಾನಕ್ಕೆ ಮುಂಚೆ ಮಂಡಿ ಹಿಂದೆ, ತೊಡೆಸಂದಿ, ಸೊಂಟದ ಎಲಾಸ್ಟಿಕ್ ಜಾಗ ಕೈಯಾಡಿಸಿ ನೋಡೋದು. ಗೇಟರ್ರಿಂದ ಇನ್ನೊಂದು ಲಾಭ, ಉಪುಪು ಅಂತ ಇಲ್ಲಿ ಕರೆಯೋ ತುರಿಕೆ ಗಿಡ ಕಾಲಿಗೆ ಸೋಕಲ್ಲ. ಗಿಡ ನೋಡಿದ ತಕ್ಷಣ ಗುರುತು ಹಿಡಿದೆ, ನಮ್ ನಸುಗುನ್ನಿ! ಒಣಗಿದ ಕಾಯಿ ಸೋಕಿದ್ರೆ ಸಾಕು, ರೋಮ ಹಾರಿ ಬಂದು ಮೈಯೆಲ್ಲ ತುರಿಕೆ, ತೋಳು ಮಡಚಿಕೊಂಡು ಸ್ಟೈಲಾಗಿ ಹೋದೋರ ಗತಿ ಅಷ್ಟೇ.

ನೊಣಕ್ಕೆ ನಿಜವಾಗ್ಲೂ ಕೆಲಸ ಮಾಡೋದು ಹೊಗೆ. ಟ್ರ್ಯಾಕರ್‌ಗಳು ಒಂದು ಹಳೇ ಡಬ್ಬಕ್ಕೆ ಮೊಳೆಯಿಂದ ತೂತು ಹೊಡೆದು, ಒಣಗಿದ ಆನೆ ಲದ್ದಿ ತುಂಬಿ ಕೆಂಡ ಹಾಕಿ ಗಾಡಿ ಹಿಂದಕ್ಕೆ ತಂತಿಯಲ್ಲಿ ಕಟ್ತಾರೆ. ಉರಿಯಲ್ಲ, ಮೆಲ್ಲಗೆ ಹೊಗೆಯಾಡ್ತಾ ಇರುತ್ತೆ. ಮೊದಲ ದಿನ ಆ ವಾಸನೆ ಬಂದಾಗ ನಂಗೆ ಒಂದ್ನಿಮಿಷ ನಮ್ ಕೊಟ್ಟಿಗೆಯಲ್ಲಿ ಸಂಜೆ ಸೊಳ್ಳೆಗೆ ಬೆರಣಿ ಹೊಗೆ ಹಾಕಿದ ಹಾಗೇ ಆಯ್ತು. ಅತಿಥಿಗಳು ಮೂಗು ಮುಚ್ಕೊಂಡು ದೂರ ಕೂರ್ತಾರೆ, ನಾನು ಡಬ್ಬದ ಪಕ್ಕದ ಸೀಟೇ ಹಿಡ್ಕೊಳ್ಳೋದು.

ಒಗೆದ ಬಟ್ಟೆ ಬಗ್ಗೆ ಒಂದು ಮುಖ್ಯ ವಿಷಯ ಇದೆ. ಪುಟ್ಸಿ ಅಂತ ಒಂದು ನೊಣ, ಹೊರಗೆ ಒಣಗಾಕಿದ ಒದ್ದೆ ಬಟ್ಟೆ ಮೇಲೆ ಮೊಟ್ಟೆ ಇಡುತ್ತೆ, ಅದನ್ನ ಹಾಕ್ಕೊಂಡ್ರೆ ಮರಿಹುಳ ಚರ್ಮದೊಳಗೆ ಹೋಗಿ ಕುರು ತರ ಏಳುತ್ತೆ. ಅದಕ್ಕೇ ಕ್ಯಾಂಪಲ್ಲಿ ಕೆಂಡದ ಇಸ್ತ್ರಿ ಪೆಟ್ಟಿಗೆ ಇಟ್ಕೊಂಡು ಕಾಲುಚೀಲ, ಬನಿಯನ್ನು, ಚಡ್ಡಿ ಎಲ್ಲಕ್ಕೂ ಇಸ್ತ್ರಿ ಹಾಕ್ತಾರೆ, ಬಿಸಿಗೆ ಮೊಟ್ಟೆ ಸಾಯುತ್ತೆ. ಚಡ್ಡಿಗೆ ಇಸ್ತ್ರಿ ಅಂತ ನಾನೂ ಮೊದ್ಲು ನಕ್ಕಿದ್ದೆ, ಆಮೇಲೆ ನಮ್ ಹೆಲ್ಪರ್ ಹುಡುಗ ಸೊಂಟದ ಮೇಲಿದ್ದ ಕುರುಗೆ ವ್ಯಾಸಲೀನ್ ಹಚ್ಚಿ ಹುಳ ಹೊರಗೆ ಬರೋದು ಕಾಯ್ತಾ ಕೂತಿದ್ದು ನೋಡಿ ನಗು ನಿಂತೋಯ್ತು. ಹೆಂಗಸರ ಒಳಉಡುಪು ಕೆಲವು ಕ್ಯಾಂಪಲ್ಲಿ ಕೆಲಸದೋರು ಒಗೆಯಲ್ಲ, ಅವ್ರು ಟೆಂಟ್ ಒಳಗೇ ಒಣಗಿಸ್ಕೊಳ್ಳೋದು ಒಳ್ಳೇದು.

ಸೊಳ್ಳೆಗೆ ಹೊಸದೇನೂ ಹೇಳೋದಿಲ್ಲ, ಕತ್ತಲಾದ್ಮೇಲೆ ಉದ್ದ ತೋಳು, ಕಾಲಿಗೆ ಸಾಕ್ಸು, ಸೊಳ್ಳೆಪರದೆ ಅಂಚನ್ನ ಹಾಸಿಗೆ ಕೆಳಗೆ ಸಿಗಿಸೋದು. ಮಲೇರಿಯಾ ಮಾತ್ರೆ ಯಾವ್ದು ಅಂತ ಡಾಕ್ಟರನ್ನ ಕೇಳಿ, ಡಾಕ್ಸಿ ಬರೆದ್ರೆ ವಾಪಸ್ ಬಂದ್ಮೇಲೂ ನಾಲ್ಕು ವಾರ ನುಂಗಬೇಕು, ಬಿಸಿಲಿಗೆ ಚರ್ಮ ಬೇಗ ಸುಡುತ್ತೆ, ಮೆಲರೋನ್ ಆದ್ರೆ ಆಮೇಲೆ ಏಳು ದಿನ. ತುರಿಕೆಗೆ ಸಿಟ್ರಿಜಿನ್ ಒಂದು ಸ್ಟ್ರಿಪ್.

ಬ್ಯಾಗಂತೂ ಮೆತ್ತಗಿನ ಬಟ್ಟೆ ಬ್ಯಾಗೇ ಆಗ್ಬೇಕು, ಚಕ್ರದ ಗಟ್ಟಿ ಸೂಟ್‌ಕೇಸು ಸಣ್ಣ ವಿಮಾನದ ಹೊಟ್ಟೆಯೊಳಗೆ ಹಿಡಿಸಲ್ಲ, ಅಲ್ಲಿ ಸಾಮಾನ್ಯವಾಗಿ 15 ಕೆಜಿ ಲೆಕ್ಕ. 2019ರ ಜೂನಿಂದ ಇಲ್ಲಿ ಪ್ಲಾಸ್ಟಿಕ್ ಕೈಚೀಲ ಬ್ಯಾನ್, ಬಟ್ಟೆನ ಅಂಗಡಿ ಕವರಲ್ಲಿ ಸುತ್ತಿ ತಂದ್ರೆ ಏರ್‌ಪೋರ್ಟಲ್ಲೇ ಬಿಟ್ಟು ಬರ್ಬೇಕು, ಬಟ್ಟೆ ಚೀಲ ಹೊಲಿಸ್ಕೊಳ್ಳಿ. ಶೂ ಹೊಸದು ತರಬೇಡಿ, ಎರಡು ತಿಂಗಳು ಮೊದ್ಲೇ ಹಾಕಿ ಪಳಗಿಸಿರ್ಬೇಕು, ಬಫೆಲೊ ಹಿಂದೆ ಒಂದೇ ದಿನ ಹದಿನೈದು ಕಿಲೋಮೀಟರ್ ನಡೆದಿದ್ದೂ ಇದೆ.

ಇದೆಲ್ಲ ಕೇಳಿ ಭಾವಮೈದುನ ಪಟ್ಟಿ ಅರ್ಧಕ್ಕಿಳಿಸಿ, ಬ್ಯಾಗ್ ತೂಗಿ ಫೋಟೋ ಕಳಿಸ್ದ, ಹನ್ನೊಂದೂವರೆ ಕೆಜಿ. ಸರಿ, ಜಾಗ ಉಳಿದಿದ್ಯಲ್ಲ, ದಪ್ಪ ಉಲನ್ ಸಾಕ್ಸ್ ನಂಗೂ ಮೂರು ಜೊತೆ ಹಾಕ್ಕೊಂಡ್ ಬಾ, ಕಾಲು ಎಂಟನೇ ನಂಬರ್, ನೀಲಿ ಮಾತ್ರ ಬೇಡ ಅಂದಿದೀನಿ.