ಚಳಿಗಾಲದಲ್ಲಿ ಕಾಳಿ ಅಳಿವೆಯ ನೊಗಲಿಗೆ ಗಾಳ ಹಾಕುವ ಕ್ರಮ

ಮಳೆಗಾಲದ ಕೆಂಪು ನೀರು ಇಳಿದು ಕಾಳಿ ನದಿಯ ಅಳಿವೆ ತಿಳಿಯಾಗುವ ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಕಾರವಾರದ ಕೋಡಿಬಾಗ ಮತ್ತು ಸದಾಶಿವಗಡ ಕಡೆಯ ಮರಳು ದಂಡೆಗಳಿಂದ ನೊಗಲಿಗೆ, ಅಂದರೆ ಮಂಗಳೂರಿನವರ ಕಾಣೆ ಮೀನಿಗೆ, ಗಾಳ ಹಾಕಬಹುದು. ಈ ಮೀನು ಮರಳು ತಳದಲ್ಲಿ ಹುಳು, ಸಣ್ಣ ಸಿಗಡಿಗಳನ್ನು ಹುಡುಕುತ್ತ ತಿರುಗುತ್ತದೆ ಮತ್ತು ಬೆದರಿದರೆ ಮರಳಿನೊಳಗೇ ಹೂತುಕೊಳ್ಳುತ್ತದೆ. ಆದ್ದರಿಂದ ನೀರಿಗಿಳಿದು ಸದ್ದು ಮಾಡದೆ ದಂಡೆಯಿಂದಲೇ ಎಸೆಯುವುದು ಲೇಸು.

ನೊಗಲಿಯ ಬಾಯಿ ಚಿಕ್ಕದು. ದೊಡ್ಡ ಮೀನಿನ ಆಸೆಗೆ ದೊಡ್ಡ ಗಾಳ ಕಟ್ಟುವವರು ಸಾಮಾನ್ಯವಾಗಿ ಎರೆಯನ್ನಷ್ಟೇ ಕಳೆದುಕೊಳ್ಳುತ್ತಾರೆ. ತೆಳುವಾದ ತಂಗೂಸಿಗೆ, ಅಂದರೆ ನೈಲಾನ್ ಗಾಳದ ದಾರಕ್ಕೆ, ತೂತಿರುವ ಸೀಸದ ಗುಂಡನ್ನು ಪೋಣಿಸಿ, ಅದು ಗಾಳದಿಂದ ಸುಮಾರು ಒಂದೂವರೆ ಅಡಿ ಮೇಲೆ ನಿಲ್ಲುವಂತೆ ತಡೆಗಂಟು ಹಾಕಬೇಕು. ಸಿಪ್ಪೆ ತೆಗೆದ ತಾಜಾ ಸಿಗಡಿಯ ಸಣ್ಣ ತುಂಡನ್ನು, ಗಾಳದ ಮೊನೆ ಮಾತ್ರ ತುಸು ಕಾಣುವಂತೆ ಚುಚ್ಚಬೇಕು. ಬರ್ಫದಲ್ಲಿಟ್ಟು ಮೆತ್ತಗಾದ ಸಿಗಡಿ ಎಸೆಯುವಾಗಲೇ ಜಾರಿಹೋಗುತ್ತದೆ.

ಉಬ್ಬರ ಏರತೊಡಗುವ ಹೊತ್ತು ಉತ್ತಮ. ಅದು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದರಿಂದ ನಿನ್ನೆಯ ಗಡಿಯಾರವನ್ನು ನಂಬಬಾರದು. ಗುಂಡು ತಳ ಮುಟ್ಟಿದ ಮೇಲೆ ದಾರವನ್ನು ನಿಧಾನವಾಗಿ, ನಡುನಡುವೆ ನಿಲ್ಲಿಸುತ್ತ ಎಳೆಯಬೇಕು. ಸಣ್ಣ ಮಿಡಿತ ತಿಳಿದೊಡನೆ ಜಗ್ಗದೆ, ದಾರ ಬಿಗಿಯಾದಾಗ ಹದವಾಗಿ ಎತ್ತಬೇಕು. ಬೆನ್ನಿನ ಮುಳ್ಳು ಚುಚ್ಚುವುದರಿಂದ ಮೀನನ್ನು ತಲೆಯ ಕಡೆಯಿಂದ ಹಿಂದಕ್ಕೆ ಸವರಿ ಹಿಡಿಯಬೇಕು. ಮರಿಗಳನ್ನು ನೀರಿಗೇ ಬಿಡಬೇಕು. ಮಧ್ಯಾಹ್ನ ಕಡಲಗಾಳಿ ಎದ್ದ ಮೇಲೆ ದಾರ ಬಿಲ್ಲಿನಂತೆ ಬಾಗಿ ಮಿಡಿತವೇ ತಿಳಿಯುವುದಿಲ್ಲವಾದ್ದರಿಂದ, ಗಾಳ ಸುತ್ತಿಡುವುದು ಒಳ್ಳೆಯದು.