ಫೆಲ್ಟ್ ಹೊದಿಸಿದ ಚಾವಣಿ ಸೋರುತ್ತಿದೆಯೇ? ಬಳಿಯುವ ಮೊದಲು ಒಣಗಿಸಿ

ಹಳೆಯ ಮನೆಗಳಲ್ಲಿ ಆಮೇಲೆ ಸೇರಿಸಿದ ಕೋಣೆಯ ಮೇಲೋ ಗ್ಯಾರೇಜಿನ ಮೇಲೋ ಮರದ ಹಲಗೆ ಹಾಸಿ, ಅದರ ಮೇಲೆ ಡಾಂಬರು ಹೀರಿದ ಫೆಲ್ಟ್ ಹಾಳೆಯನ್ನು ಎರಡು ಮೂರು ಪದರಗಳಲ್ಲಿ ಅಂಟಿಸಿದ, ನೀರು ಹರಿಯುವಷ್ಟೇ ಇಳಿಜಾರಿರುವ ಸಮತಟ್ಟಾದ ಚಾವಣಿ ಇರುವುದುಂಟು. ಅದು ಸೋರಲು ತೊಡಗಿದಾಗ ಒಂದು ಡಬ್ಬ ಡಾಂಬರು ತಂದು ಬಳಿದುಬಿಡುವುದು ಸುಲಭವೆನಿಸುತ್ತದೆ. ಆದರೆ ಹಾಗೆ ಮಾಡಿದರೆ ಒಳಗೆ ಸೇರಿಕೊಂಡ ತೇವಕ್ಕೆ ಹೊರಬರುವ ದಾರಿಯೇ ಮುಚ್ಚಿಹೋಗಿ, ಕೆಳಗಿನ ಹಲಗೆ ಯಾರ ಕಣ್ಣಿಗೂ ಬೀಳದೆ ಕೊಳೆಯುತ್ತದೆ. ಈ ದುರಸ್ತಿಯಲ್ಲಿ ಹೆಚ್ಚಿನ ಸಮಯ ಹಿಡಿಯಬೇಕಾದದ್ದು ಹುಡುಕುವುದಕ್ಕೆ ಮತ್ತು ಒಣಗಿಸುವುದಕ್ಕೆ. ಅಂಟಿಸುವುದು ಅರ್ಧ ಗಂಟೆಯ ಕೆಲಸ.

ಕೆಲವು ದಿನ ಬಿಸಿಲು ಇರುವಾಗ ಕೆಲಸಕ್ಕೆ ಕೈಹಾಕಿ. ಏಣಿಯನ್ನು 4 ಅಡಿ ಎತ್ತರಕ್ಕೆ 1 ಅಡಿಯಂತೆ ಗೋಡೆಯಿಂದ ಹೊರಗಿಟ್ಟು ಭದ್ರಪಡಿಸಿ. ಚಾವಣಿಯ ಮೇಲೆ ನೇರವಾಗಿ ಕಾಲಿಡದೆ, ತೊಲೆಗಳಿಗೆ ಅಡ್ಡಲಾಗಿ ಅಗಲವಾದ ಹಲಗೆ ಹಾಕಿ ಅದರ ಮೇಲೆ ಮಂಡಿಯೂರಿ. ಹಲವು ದಶಕ ಹಳೆಯದಾದ ಕೆಲವು ಫೆಲ್ಟ್‌ಗಳಲ್ಲಿ, ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಆಸ್ಬೆಸ್ಟಾಸ್ ನಾರು ಇರುತ್ತದೆ. ಸಂಶಯವಿದ್ದರೆ ಪರೀಕ್ಷೆ ಮಾಡಿಸದೆ ಕತ್ತರಿಸಬೇಡಿ, ಉಜ್ಜಬೇಡಿ.

ಕೋಣೆಯೊಳಗೆ ಕಲೆ ಕಾಣುವ ಜಾಗದ ನೇರ ಮೇಲೆಯೇ ತೂತು ಇರುತ್ತದೆಂದು ನಂಬಬೇಡಿ. ನೀರು ಹಲಗೆಯ ಸಂದಿಗೆ ಇಳಿದು, ತೊಲೆಯ ಪಕ್ಕದಲ್ಲೇ ಹರಿದು, ಎಷ್ಟೋ ದೂರದಲ್ಲಿ ತೊಟ್ಟಿಕ್ಕುತ್ತದೆ. ಆದ್ದರಿಂದ ಕಲೆಯಿಂದ ಇಳಿಜಾರಿನ ಮೇಲ್ಭಾಗದ ಕಡೆಗೆ ಹುಡುಕುತ್ತಾ ಹೋಗಬೇಕು. ಹಾಳೆಗಳ ಜೋಡಣೆ, ಅಂಚು, ನೀರು ಇಳಿಯುವ ಕಿಂಡಿ, ಎಲ್ಲಕ್ಕಿಂತ ಮುಖ್ಯವಾಗಿ ಚಾವಣಿ ಗೋಡೆಗೆ ಸೇರುವ ಮೂಲೆಯನ್ನು ಬೆರಳಿನಿಂದ ಒತ್ತಿ ನೋಡಿ. ನನ್ನ ಅನುಭವದಲ್ಲಿ ತಪ್ಪು ಹೆಚ್ಚಾಗಿ ಅಡಗಿರುವುದು ಆ ಮೂಲೆಯಲ್ಲಿಯೇ. ಅಲ್ಲಿ ಫೆಲ್ಟ್ ಸುಮಾರು 150 ಮಿ.ಮೀ. ಗೋಡೆಯ ಮೇಲೆ ಹತ್ತಿರಬೇಕು, ಅದರ ತುದಿಯನ್ನು ಮುಚ್ಚುವ ಸೀಸದ ತಗಡು ಗಾರೆಯ ಸಂದಿಯೊಳಗೆ ಬಿಗಿಯಾಗಿ ಕೂತಿರಬೇಕು. ಒತ್ತಿದಾಗ ಚಾವಣಿ ಮೆತ್ತಗೆ ಕುಸಿದರೆ ಹಲಗೆ ಕೊಳೆತಿದೆ ಎಂದರ್ಥ. ಆ ಭಾಗದ ಫೆಲ್ಟ್ ಎತ್ತಿ ಹಲಗೆಯನ್ನೇ ಬದಲಿಸದೆ ಬೇರೆ ದಾರಿಯಿಲ್ಲ.

ಫೆಲ್ಟ್ ಗುಳ್ಳೆಯಂತೆ ಉಬ್ಬುವುದಕ್ಕೆ ಕಾರಣ ಪದರಗಳ ನಡುವೆ ಸಿಕ್ಕಿಕೊಂಡ ತೇವ ಬಿಸಿಲಿಗೆ ಆವಿಯಾಗಿ ಹಿಗ್ಗುವುದು. ಒಡೆಯದ ಸಣ್ಣ ಗುಳ್ಳೆ ಸೋರುವುದಿಲ್ಲ, ಅದನ್ನು ಹಾಗೆಯೇ ಬಿಡಬಹುದು. ಒಡೆದದ್ದನ್ನು ಮೊದಲು ಗುಡಿಸಿ, ಪಾಚಿ ಮತ್ತು ಸಡಿಲ ಕಲ್ಲುಹರಳುಗಳನ್ನು ಕರಣೆಯಿಂದ ಕೆರೆದು, ಹರಿತವಾದ ಚಾಕುವಿನಿಂದ ಗುಣಾಕಾರ ಚಿಹ್ನೆಯಂತೆ ಕೊಯ್ಯಿರಿ. ಚಾಕು ಮೇಲಿನ ಪದರವನ್ನಷ್ಟೇ ದಾಟಬೇಕು. ನಾಲ್ಕು ಎಸಳುಗಳನ್ನು ಹಿಂದಕ್ಕೆ ಮಡಚಿದಾಗ ಒಳಗಿನ ಕಪ್ಪು ಮೈ ಮಂಕಾಗಿ ಬೆವರಿದಂತಿರುತ್ತದೆ, ಒಂದೊಂದು ಸಲ ಹನಿಯೇ ನಿಂತಿರುತ್ತದೆ. ಬಟ್ಟೆಯಿಂದ ಒರೆಸಿ, ತೆರೆದೇ ಬಿಟ್ಟು, ಒತ್ತಿದ ಕಾಗದಕ್ಕೆ ತೇವ ಅಂಟದಿರುವವರೆಗೂ ಕಾಯಿರಿ. ಒಂದು ದಿನ ಸಾಲದಿದ್ದರೆ ರಾತ್ರಿ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಬೆಳಿಗ್ಗೆ ಮತ್ತೆ ತೆರೆಯಿರಿ.

ಪೂರ್ತಿ ಒಣಗಿದ ಮೇಲೆ ಎಸಳುಗಳ ಕೆಳಗೆ ತಣ್ಣಗೆ ಬಳಸುವ ಡಾಂಬರು ಅಂಟನ್ನು ಹಚ್ಚಿ, ಅವನ್ನು ಒತ್ತಿ ಕೂರಿಸಿ. ಹೊಸ ಫೆಲ್ಟ್ ತುಂಡು ಕೊಯ್ದ ಜಾಗಕ್ಕಿಂತ ಎಲ್ಲ ಕಡೆ ಕನಿಷ್ಠ 100 ಮಿ.ಮೀ. ದೊಡ್ಡದಿರಲಿ, ಚೂಪಾದ ಮೂಲೆ ಬೇಗ ಮೇಲೇಳುವುದರಿಂದ ಮೂಲೆಗಳನ್ನು ದುಂಡಗೆ ಕತ್ತರಿಸಿ. ಸುರುಳಿಯ ಬಾಗು ಹೋಗಲು ತುಂಡನ್ನು ಸ್ವಲ್ಪ ಹೊತ್ತು ಬಿಸಿಲಲ್ಲಿ ಹರವಿಟ್ಟು, ನಡುವಿನಿಂದ ಅಂಚಿನ ಕಡೆಗೆ ಉರುಳೆಯಿಂದ ಒತ್ತಿದರೆ ಗಾಳಿ ಉಳಿಯುವುದಿಲ್ಲ. ಅಂಚಿನ ಸುತ್ತ ಅಂಟು ತೆಳ್ಳಗೆ ಹೊರಬಂದರೆ ತುಂಡು ಸರಿಯಾಗಿ ಹಿಡಿದಿದೆ. ಒಂದಕ್ಕಿಂತ ಹೆಚ್ಚು ತುಂಡು ಬೇಕಾದರೆ ಇಳಿಜಾರಿನ ಕೆಳಗಿನಿಂದ ಆರಂಭಿಸಿ, ಮೇಲಿನದು ಕೆಳಗಿನದರ ಮೇಲೆ ಬರುವಂತೆ ಹಾಸಿ.

ಗ್ಯಾಸ್ ಉರಿಯಿಂದ ಕರಗಿಸಿ ಅಂಟಿಸುವ ಹಾಳೆಯನ್ನು ಮನೆಯವರೇ ಬಳಸುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಒಣಗಿದ ಹಳೆಯ ಹಲಗೆಯ ಸಂದಿಯಲ್ಲಿ ಹೊತ್ತಿದ ಕಿಡಿ ಗಂಟೆಗಟ್ಟಲೆ ಕಾಣದೆ ಕನಲುತ್ತಿದ್ದು, ಎಲ್ಲರೂ ಕೆಳಗಿಳಿದ ಮೇಲೆ ಬೆಂಕಿಯಾಗಬಹುದು.

ಅಂಟು ಗಟ್ಟಿಯಾದ ಮೇಲೆ, ಬಿಸಿಲನ್ನು ತಡೆಯಲು ಚಾವಣಿಗೆಂದೇ ಇರುವ ಬೆಳ್ಳಿಬಣ್ಣದ ಲೇಪ ಬಳಿಯಿರಿ, ನೀರು ಹೋಗುವ ದೋಣಿಯ ಕಸ ತೆಗೆಯಿರಿ. ಮೊದಲ ಮಳೆಯಾದ ಎರಡು ದಿನಗಳ ಮೇಲೂ ಎಲ್ಲಾದರೂ ನೀರು ನಿಂತೇ ಇದ್ದರೆ ಅಲ್ಲಿ ಇಳಿಜಾರು ಸಾಲದು. ಅಂಥ ಕಡೆ, ಹಾಗೆಯೇ ಒಂದೇ ಚಾವಣಿಗೆ ಮೂರು ನಾಲ್ಕು ಬಾರಿ ತೇಪೆ ಬಿದ್ದಿರುವ ಕಡೆ, ಹೊದಿಕೆಯನ್ನು ಪೂರ್ತಿ ತೆಗೆಸಿ ಹೊಸದಾಗಿ ಹಾಸಿಸುವುದೇ ಸರಿ.